ತುಳಸಮ್ಮನ ಪರ್ವಕಾಲ

“ಕಾಲು ಹಿಂದಕ್ಕೆ ತಗೊಳ್ಳೇ, ನೀರು ತಾಕುತ್ತೆ,” ಎಂದರು ಶ್ರೀಕಂಠಯ್ಯ.

ತುಳಸಮ್ಮ ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕಾಪುವಿನ ಮರಳಿನ ಮೇಲೆ ಬೆಳಕು ಇನ್ನೂ ಸರಿಯಾಗಿ ಬಿದ್ದಿರಲಿಲ್ಲ. ಮಳೆ ಹೋಗಿ, ಸೆಕೆ ಇನ್ನೂ ಏರದ ಒಣ ದಿನಗಳು. ಆಷಾಢದಲ್ಲಿ ಊರು ನುಂಗುವ ಹಾಗೆ ಕೂಗುವ ಸಮುದ್ರ ಈಗ ಉಂಡು ಮಲಗಿದ ಬೆಕ್ಕಿನ ಹಾಗೆ ಬಿದ್ದುಕೊಂಡಿತ್ತು.

ಮಗಳು ಆರತಿಗೆ ಈ ಊರಿನ ಬ್ಯಾಂಕಿಗೆ ವರ್ಗವಾದ ಮೇಲೆ ಗಂಡ ಹೆಂಡತಿ ಗಂಜಾಮಿನಿಂದ ಇಲ್ಲಿಗೆ ಬಂದದ್ದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಊರಿನವರೆಲ್ಲ ನೀರಲ್ಲಿ ಕುಣಿಯುತ್ತಿದ್ದರೆ ತುಳಸಮ್ಮ ಕಾಲು ಮಡಿಸಿ ದಡದಲ್ಲಿ ಕೂತಿದ್ದರು. ಪರ್ವಕಾಲ ಬಿಟ್ಟು ಬೇರೆ ದಿನ ಸಮುದ್ರ ಮುಟ್ಟಬಾರದು, ಹುಣ್ಣಿಮೆ, ಅಮಾವಾಸ್ಯೆ, ಗ್ರಹಣಕ್ಕೆ ಮಾತ್ರ ಸ್ನಾನ ಎಂದು ಶ್ರೀಕಂಠಯ್ಯನವರ ಕಟ್ಟಪ್ಪಣೆ. ಶಾಸ್ತ್ರವೇನೋ ನಿಜವೇ. ಅದರ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ ಭಯವೂ ಅಷ್ಟೇ ನಿಜ. ಕಾವೇರಿ ದಡದಲ್ಲೇ ಎಪ್ಪತ್ತು ವರ್ಷ ಕಳೆದ ಈ ಪುಣ್ಯಾತ್ಮರು ಸೊಂಟದಿಂದ ಮೇಲಕ್ಕೆ ನೀರನ್ನು ಚೊಂಬಿನಿಂದ ಸುರಿದುಕೊಂಡು ಬಲ್ಲರೇ ಹೊರತು ಇಳಿದು ಬಲ್ಲವರಲ್ಲ.

ತುಳಸಮ್ಮನ ಕಥೆ ಬೇರೆ. ಹತ್ತು ವರ್ಷದವರಿದ್ದಾಗ ಗಂಜಾಮಿನ ಹುಡುಗಿಯರಲ್ಲಿ ಹೊಳೆ ನಡುವಿನ ಬಂಡೆಯನ್ನು ಮೊದಲು ಮುಟ್ಟಿ ಬಂದವರು ಅವರೇ. ಹತ್ತೊಂಬತ್ತಕ್ಕೆ ಮದುವೆಯಾಯಿತು. “ಮನೆಗೆ ಸೊಸೆ ತಂದಿದ್ದೀವಿ, ಮೀನಲ್ಲ,” ಎಂದರು ಅತ್ತೆ. ಅಲ್ಲಿಂದ ನಲವತ್ತಮೂರು ವರ್ಷ ಮೆಟ್ಟಿಲು ಹಿಡಿದು ಮೂರು ಮುಳುಗು, ಅಷ್ಟೇ. ಈಗ ಆರತಿಗೆ ಕಲಬುರಗಿಗೆ ವರ್ಗವಾಗಿದೆ. ತಮ್ಮ ಮಂಡಿ ಬೇರೆ ದಿನಕ್ಕೊಂದು ರಾಗ ತೆಗೆಯುತ್ತಿದೆ. ಈ ಸಲ ಬಿಟ್ಟರೆ ಇನ್ನು ಸಮುದ್ರವಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಶ್ರೀಕಂಠಯ್ಯ ಮಗಳ ಮನೆಯಿಂದ ತಂದ ಚೊಂಬಿನ ನೀರು ಮುಂದಿಟ್ಟುಕೊಂಡು ಬೆಳಗಿನ ಸಂಧ್ಯಾವಂದನೆಗೆ ಕೂತರು. ನಲವತ್ತು ವರ್ಷ ದೇವಸ್ಥಾನದ ಪೂಜೆ ಮಾಡಿ ಊರಿಗೆಲ್ಲ ತಿಥಿ ಹೇಳಿದವರು. ಮೂರು ವರ್ಷದಿಂದ ಕಣ್ಣು ಮಂಜಾಗಿ ಪಂಚಾಂಗದ ಸಣ್ಣ ಅಕ್ಷರ ಕಾಣದು. ಸಂಕಲ್ಪಕ್ಕೆ ಕೂತಾಗ ಹೆಂಡತಿಯನ್ನು ಕೇಳುವುದು, ಅವರು ಹೇಳುವುದು, ದಿನವೂ ನಡೆದದ್ದೇ. ಇವತ್ತೂ ಅಭ್ಯಾಸಬಲದಿಂದ ಕೇಳಿಬಿಟ್ಟರು.

“ಇವತ್ತು ತಿಥಿ ಏನೇ?”

ತುಳಸಮ್ಮ ಆಗಲೇ ಸೆರಗು ಬಿಗಿದು ಕಚ್ಚೆ ಹಾಕುತ್ತಿದ್ದರು. “ಹುಣ್ಣಿಮೆ ಕಣ್ರೀ. ಮಾಘ ಹುಣ್ಣಿಮೆ.”

ಅಂಗೈಯ ನೀರು ಅಂಗೈಯಲ್ಲೇ ನಿಂತಿತು. “ಸರಿಯಾಗಿ ನೋಡಿದ್ಯಾ?”

“ನಿನ್ನೆ ಚತುರ್ದಶಿ ಅಂತ ನಾನೇ ಹೇಳಿರಲಿಲ್ವಾ? ಚತುರ್ದಶಿ ಆದ್ಮೇಲೆ ಏನ್ ಬರುತ್ತೆ, ನೀವೇ ಹೇಳಿ.”

“ಹಾಗಾದ್ರೆ ನೀನು ಹೊರಡೋ ದಿನ ಗೊತ್ತು ಮಾಡಿದ್ದು...”

“ಯುಗಾದಿಗೆ ಹೊಸ ಪಂಚಾಂಗ ತಂದ್ರಲ್ಲ, ಅವತ್ತೇ ನೋಡಿಟ್ಟಿದ್ದೆ.”

ರಾತ್ರಿಯೆಲ್ಲ ಕಾರು ಓಡಿಸಿಕೊಂಡು ಬಂದಿದ್ದ ಬಾಬುರಾಯನಕೊಪ್ಪಲಿನ ಚಲುವರಾಜು ಪ್ಯಾಂಟು ಮಡಿಸಿ ನಿಂತು ಇದನ್ನೆಲ್ಲ ಕೇಳುತ್ತಿದ್ದ. ಅವನಿಗೆ ತಡೆಯಲಾಗಲಿಲ್ಲ. “ಇನ್ನೇನ್ ಅನ್ಮಾನ ಅಯ್ನೋರೆ? ಅಲ್ನೋಡಿ, ಚಂದ್ರ ಮುಳುಗ್ತಾವ್ನೆ. ಒಂದ್ ಚೂರೂ ಮುಕ್ಕಾಗಿಲ್ಲ!”

ಪಶ್ಚಿಮದಲ್ಲಿ ನೀರಿಗೆ ತಾಗುವಷ್ಟು ಕೆಳಗೆ ಚಂದ್ರ ತುಂಬಿಕೊಂಡು ನಿಂತಿದ್ದ. ಶ್ರೀಕಂಠಯ್ಯನವರ ಕಣ್ಣಿಗೂ ಅದು ಬಿಳಿಯ ಮುದ್ದೆಯಾಗಿ ಕಂಡಿತು. ಶಾಸ್ತ್ರ ಕೈಬಿಟ್ಟ ಮೇಲೆ ಉಳಿದದ್ದು ಗಂಡನ ದನಿ ಮಾತ್ರ. ಅದು ಬಹಳ ಸಣ್ಣದಾಗಿತ್ತು.

“ನಿನಗೇನಾದ್ರೂ ಆದ್ರೆ ನಾನು ಯಾರನ್ನ ತಿಥಿ ಕೇಳ್ಲಿ?”

ತುಳಸಮ್ಮ ಗಂಡನ ಕಡೆ ತಿರುಗಿದರು. ಆದರೂ ಸೋಲಲಿಲ್ಲ. “ನಾಳೆ ಪಾಡ್ಯ. ಹೇಳೋದಕ್ಕೆ ಬರ್ತೀನಿ, ಕೂತಿರಿ,” ಎಂದು ನಡೆದೇಬಿಟ್ಟರು.

“ತಡೀರಿ ಅಮ್ಮಾವ್ರೇ, ನಾನೂ ಬತ್ತೀನಿ! ನಾಲೇಲಿ ಈಜ್ ಕಲ್ತೋನು ನಾನು!” ಎಂದು ಚಲುವರಾಜು ಹಿಂದೆ ಓಡಿದ. ಸೊಂಟದ ನೀರಲ್ಲಿ ಮೊದಲ ಅಲೆ ಬಾಯಿಗೇ ಬಡಿಯಿತು. “ಥೂ, ಉಪ್ಪು ಕಣಪ್ಪೋ!” ಎಂದು ಕೆಮ್ಮುತ್ತಾ ಅಲ್ಲೇ ನಿಂತ.

ಅದೇ ಅಲೆ ತುಳಸಮ್ಮನನ್ನೂ ಕೆಡವಿತು. ಸೀರೆ ಉಬ್ಬಿತು, ಮಂಡಿ ಚಳಕ್ಕೆಂದಿತು, ಒಂದು ಗುಟುಕು ಒಳಕ್ಕೂ ಹೋಯಿತು. ಶ್ರೀಕಂಠಯ್ಯ ಚೊಂಬು ಉರುಳಿಸಿಕೊಂಡು ಎದ್ದರು. ಎರಡನೆಯ ಅಲೆ ಬರುವಷ್ಟರಲ್ಲಿ ತುಳಸಮ್ಮ ಅದರ ಕೆಳಗೆ ನುಗ್ಗಿ ಆಚೆ ಎದ್ದಿದ್ದರು. ಕೈ ತಾನಾಗಿ ಬೀಸಿತು, ಕಾಲು ತಾನಾಗಿ ಬಡಿಯಿತು. ನೆಲದ ಮೇಲೆ ಅಳುತ್ತಿದ್ದ ಮಂಡಿ ನೀರಲ್ಲಿ ಸೊಲ್ಲೆತ್ತಲಿಲ್ಲ. ನಲವತ್ತಮೂರು ವರ್ಷ ಎಲ್ಲಿ ಅಡಗಿತ್ತೋ ಆ ಸಂತೋಷ, ಎದೆ ತುಂಬಿ ಬಾಯಿಗೆ ಬಂತು.

“ರೀ! ಇಲ್ಲಿ ಆಚೆ ದಡಾನೇ ಇಲ್ಲಾ ರೀ!”

“ಅಮ್ಮಾವ್ರು ಈಜ್ತಾವ್ರೆ ಕಣ್ ಅಯ್ನೋರೆ! ಮೀನ್ ಅಂಗೆ ಓಯ್ತಾವ್ರೆ!” ಎಂದು ಚಲುವರಾಜು ಕುಣಿದ. ಬಲೆ ಬಿಡಿಸುತ್ತಿದ್ದ ಮೊಗವೀರರಿಬ್ಬರು ಎದ್ದು ನಿಂತು ನೋಡಿದರು.

“ಸಂಕಲ್ಪ ಮಾಡ್ದೆ ಮುಳುಗಿದ್ರೆ ಫಲ ಇಲ್ಲ ಕಣೇ!” ಎಂದು ಶ್ರೀಕಂಠಯ್ಯ ಕೂಗಿದರು. ಅಲೆಗಳಾಚೆ ಅಂಗಾತ ತೇಲುತ್ತಿದ್ದವರಿಗೆ ಅದು ಕೇಳಿಸಿತೋ ಇಲ್ಲವೋ. ಶ್ರೀಕಂಠಯ್ಯ ಪಂಚೆ ಎತ್ತಿಕಟ್ಟಿ, ಗುಡಿಯಲ್ಲಿ ಹೇಳುತ್ತಿದ್ದ ಹಳೆಯ ದೊಡ್ಡ ದನಿಯಲ್ಲಿ ತಾವೇ ಶುರುಮಾಡಿದರು. “ಉತ್ತರಾಯಣೇ...” ಇಷ್ಟು ದೂರದಿಂದ ಅವಳಿಗೆ ಮುಟ್ಟದು ಎನ್ನಿಸಿ ಒಂದು ಹೆಜ್ಜೆ ಮುಂದಿಟ್ಟರು. “ಮಾಘಮಾಸೇ...” ಇನ್ನೊಂದು ಹೆಜ್ಜೆ. “ಶುಕ್ಲಪಕ್ಷೇ...” ಎನ್ನುವಾಗ ನೀರು ಅವರ ಮೊಣಕಾಲು ದಾಟಿತ್ತು.