ಕಾಗದದ ಕಚೇರಿ

ಲಾರಿಯಿಂದ ಇಳಿಸಿದ ಕಚೇರಿ ಶಾಮಿಯಾನದ ಹಗ್ಗಕ್ಕೆ ಸಿಕ್ಕಿಕೊಂಡಿತು. ಹೊತ್ತವರಲ್ಲಿ ಇಬ್ಬರು ಹಿಂದಕ್ಕೆಳೆದರೆ ಇಬ್ಬರು ಮುಂದಕ್ಕೆಳೆದರು.

"ನಿಧಾನ, ನಿಧಾನ! ಗೋಡೆ ಹರಿದೀತು!" ದಾತೋ ಆಂಗ್ ಕೂಗಿಕೊಂಡರು.

ಪೇಕ್ ಹೂನ್ ಓಡಿಹೋಗಿ ಹಗ್ಗ ಎತ್ತಿ ಹಿಡಿದಳು. ಬಿದಿರಿನ ಸೀಳುಗಳಿಗೆ ಬಣ್ಣದ ಕಾಗದ ಅಂಟಿಸಿ ಮಾಡಿದ ಕಚೇರಿ ಅವಳ ಎದೆಯೆತ್ತರಕ್ಕಿತ್ತು. ಇಲ್ಲಿನ ಚೀನೀಯರು ಸತ್ತವರಿಗೆ ಕಾಗದದ ಮನೆ ಸುಟ್ಟು ಕಳಿಸುತ್ತಾರೆ, ಕಾರು ಕಳಿಸುತ್ತಾರೆ. ಕಚೇರಿ ಕಳಿಸಿದ್ದನ್ನು ಜಾರ್ಜ್‌ಟೌನಿನ ಈ ಬೀದಿ ಎಂದೂ ಕಂಡಿರಲಿಲ್ಲ.

"ಹೇಗಿದೆ?" ದಾತೋ ಬೆವರೊರೆಸಿಕೊಂಡರು. ಕ್ಯಾನ್ಸರ್ ಆಸರೆ ಸಂಘದ ಅಧ್ಯಕ್ಷರು ಅವರು; ದಾತೋ ಎಂಬುದು ಅವರಿಗೆ ಸಂದ ಬಿರುದು. "ಮನೆ ಬೇಡ ಅಂದೆ ನಾನು. ಇಮ್‌ಗೆ ಮನೆ ಯಾವತ್ತು ಬೇಕಾಗಿತ್ತು? ಮೂವತ್ತು ವರ್ಷ ನಮ್ಮನ್ನ ಬಿಟ್ಟು ಕದಲ್ಲಿಲ್ಲ. ಅಲ್ಲೂ ತನ್ನ ಕಚೇರೀಲೇ ಇರ್ಲಿ."

"ಚೆನ್ನಾಗಿದೆ ಸರ್," ಎಂದಳು ಪೇಕ್ ಹೂನ್. ಬೇರೇನು ತಾನೇ ಹೇಳಿಯಾಳು?

ಶಾಮಿಯಾನದ ಒಳಗೆ ಶವಪೆಟ್ಟಿಗೆಯಲ್ಲಿ ತಿಯೋ ಗುವಾಟ್ ಇಮ್ ಮಲಗಿದ್ದರು. ಸಂಘದಲ್ಲಿ ಎಲ್ಲರಿಗೂ ಇಮ್ ಆಂಟಿ. ಬಟರ್‌ವರ್ತ್‌ನ ಬೇಕರಿಯೊಂದರಲ್ಲಿ ತನಗೆ ಕೆಲಸ ಸಿಕ್ಕಿದೆ, ಸಂಘ ಬಿಡುತ್ತೇನೆ ಎಂದು ಪೇಕ್ ಹೂನ್ ಹೇಳಬೇಕಿದ್ದುದು ಅವರಿಗೇ. ಹೇಳಲು ಬಾಯಿ ತೆರೆಯುವ ಮೊದಲೇ ಆಂಟಿ ರೋಗಿಗಳಿಗೆ ಕೊಡುವ ವಿಗ್ಗು ತೊಳೆಯುತ್ತಾ ಬಚ್ಚಲಲ್ಲಿ ಕುಸಿದು ತೀರಿಹೋಗಿದ್ದರು. ಈಗ ಯಾರಿಗೆ ಹೇಳುವುದು?

ಶಾಮಿಯಾನದ ಕೆಳಗೆ ಬಂದವರು ಕಡಲೆಕಾಯಿ ಸುಲಿಯುತ್ತಿದ್ದರು. ಹಿಂದೆ ಸಂಘದ ಆರೈಕೆಯಲ್ಲಿದ್ದ ಲೆಚ್ಚುಮಿ ಕಣ್ಣೊರೆಸಿಕೊಳ್ಳುತ್ತಲೇ ನಗಿಸುತ್ತಿದ್ದಳು.

"ಕೀಮೋ ಆಗ್ತಿದ್ದಾಗ ನಾನು ವಿಗ್ಗನ್ನ ಹಿಂದುಮುಂದಾಗಿ ಹಾಕ್ಕೊಂಡು ಬಂದ್ಬಿಟ್ಟೆ. ಇಮ್ ಆಂಟಿ ನೋಡಿದ್ರು, 'ಮುಖ ಕಾಣ್ತಿಲ್ಲ, ಇವತ್ತು ಎಷ್ಟು ಲಕ್ಷಣವಾಗಿದೀಯ' ಅಂದ್ರು!"

"ಪುಣ್ಯಾತ್ಗಿತ್ತಿ," ಎಂದಳು ಪಕ್ಕದವಳು. "ಒಂದಿನ ಬೇಜಾರು ಅಂದೋಳಲ್ಲ."

* * *

ಅಂದಿದ್ದರು ಇಮ್ ಆಂಟಿ, ಒಮ್ಮೆ, ಪೇಕ್ ಹೂನ್ ಎದುರು. ನಾಲ್ಕು ವರ್ಷದ ಹಿಂದೆ, ವಿಗ್ಗುಗಳ ಕೋಣೆಯಲ್ಲಿ.

"ನಾನಿಲ್ಲಿಗೆ ಬಂದಿದ್ದು ಮೂರು ತಿಂಗಳಿಗೆ ಅಂತ ಕಣೇ," ಎಂದರು, ಸಿಕ್ಕು ಬಿಡಿಸುತ್ತಾ. "ಇಪೋದಲ್ಲಿ ಚಿಕ್ಕಪ್ಪನ ಮಗಳದ್ದು ಚಪ್ಪಲಿ ಅಂಗಡಿ. ಬಾ ಅಂತ ಎರಡು ವರ್ಷ ಕಾದ್ಲು. ಚಪ್ಪಲಿ ಮಾರೋದು ಅಂದ್ರೆ ನಂಗೆ ಪ್ರಾಣ. ಕೊಳ್ಳೋಕೆ ಬಂದೋರು ಎಲ್ಲಿಗೋ ಹೊರಟಿರ್ತಾರೆ, ನೋಡು."

"ಮತ್ಯಾಕೆ ಹೋಗ್ಲಿಲ್ಲ?"

"ಇವತ್ತು ಹೇಳ್ಬಿಡೋಣ ಅಂತ ಬರ್ತಿದ್ದೆ. ಅಷ್ಟರಲ್ಲಿ ಒಬ್ಬಳು ಬರೋಳು, ಮೊಲೆ ತೆಗೆಸ್ಕೊಂಡು, ಮಕ್ಕಳನ್ನ ಕಟ್ಕೊಂಡು. ಸಾಯ್ತಿರೋರ ಮುಂದೆ ನಿಂತು ನಂಗೆ ಬೇಜಾರು ಅನ್ನೋಕಾಗುತ್ತೇನೇ? ಇವಳದ್ದೊಂದು ಮುಗೀಲಿ ಅಂದ್ಕೊಂಡೆ. ಮುಗೀತು. ಇನ್ನೊಬ್ಬಳು ಬಂದ್ಲು."

"ಹುಲಿ ಸವಾರಿ ಆಯ್ತಲ್ಲ ಆಂಟಿ."

"ಹುಲಿಯಾಗಿದ್ರೆ ಇಳಿದೋರನ್ನ ತಿಂದು ಮುಗಿಸ್ತಿತ್ತು. ಇಲ್ಲಿ ಇಳಿದ್ರೆ ಯಾರೂ ತಿನ್ನಲ್ಲ. ಒಳ್ಳೇಳು ಅನ್ನೋದನ್ನ ನಿಲ್ಲಿಸ್ತಾರೆ, ಅಷ್ಟೆ. ಅದಕ್ಕೇ ಹೆದರಿ ಕೂತೆ ನಾನು." ಅವರು ವಿಗ್ಗನ್ನು ಬೋಳು ಗೊಂಬೆಯ ತಲೆಗಿಟ್ಟು ತಟ್ಟಿದರು. "ನೀನು ಹೋಗು. ಹೋಗೋ ಮನಸ್ಸಾದ ದಿನ ನನ್ನನ್ನ ಮಾತ್ರ ಕೇಳಬೇಡ. ಕೇಳಿದ್ರೆ ನಾನು ಬಿಡಲ್ಲ."

ನಗುತ್ತಲೇ ಹೇಳಿದರು. ತಮಾಷೆಗೆ ಹೇಳಿದ್ದಲ್ಲ ಎಂದು ಪೇಕ್ ಹೂನ್‌ಗೆ ತಿಳಿಯಿತು.

* * *

ಇಮ್ ಆಂಟಿಯ ತಂಗಿ ಗುವಾಟ್ ಸಿಮ್ ಪೆಟ್ಟಿಗೆಯ ಪಕ್ಕ ಕೂತು ಅಕ್ಕನಿಗೆ ಸುಟ್ಟು ಕಳಿಸಲು ಚಿನ್ನದ ಬಣ್ಣದ ಕಾಗದ ಕತ್ತರಿಸಿ ಮಡಚುತ್ತಿದ್ದರು. ಪೇಕ್ ಹೂನ್ ಅವರ ಕಿವಿಯ ಬಳಿ ಬಗ್ಗಿದಳು.

"ಸಿಮ್ ಆಂಟಿ, ಆ ಕಚೇರಿ ಸುಡೋದು ಬೇಡ. ಅವರಿಗೆ ಅದು ಸಾಕಾಗಿ ಹೋಗಿತ್ತು."

ಸಿಮ್‌ರ ಕೈ ನಿಂತಿತು. "ನಂಗೆ ಗೊತ್ತಿಲ್ವೇನೇ? ಒಂದೇ ಹೊಟ್ಟೇಲಿ ಹುಟ್ಟಿದೋರು ನಾವು."

"ಮತ್ತೆ?"

"ದಾತೋ ಮುಖ ಏನಾಗ್ಬೇಕು? ಊರೆಲ್ಲ ನೋಡ್ತಿದೆ. ಅಕ್ಕನೇ ಎದ್ದು ಬಂದ್ರೂ 'ತುಂಬಾ ಉಪಕಾರ ಆಯ್ತು' ಅಂತಿದ್ಲು." ಅವರು ಮತ್ತೆ ಮಡಚತೊಡಗಿದರು.

ಪೆಟ್ಟಿಗೆ ಎತ್ತುವ ಮುನ್ನ ಕಚೇರಿಯನ್ನು ಪಕ್ಕದ ಬಯಲಿಗೆ ಒಯ್ದಿಟ್ಟರು. ಪುರೋಹಿತ ಗಂಟೆ ಬಾರಿಸಿದ. ದಾತೋ ಜನರ ಕಡೆ ತಿರುಗಿದರು.

"ಇಮ್ ನಿಶ್ಚಿಂತೆಯಾಗಿ ಹೋಗ್ಲಿ. ಅವಳ ಜಾಗಕ್ಕೆ ನಮ್ಮ ಪೇಕ್ ಹೂನ್ ಇದ್ದಾಳೆ. ನಾಳೆಯಿಂದ ಸಂಘ ಇವಳದ್ದೇ."

ಎಲ್ಲರೂ ತಲೆಯಾಡಿಸಿದರು. ಪೇಕ್ ಹೂನ್ ದಾತೋ ಕಡೆ ಒಂದು ಹೆಜ್ಜೆ ಇಟ್ಟಳು. ಹೇಳಬೇಕು, ಈಗಲೇ ಹೇಳಬೇಕು. ಅಷ್ಟರಲ್ಲಿ ಲೆಚ್ಚುಮಿ ಬಂದು ಅವಳ ಕೈ ಹಿಡಿದುಕೊಂಡಳು.

"ಸದ್ಯ, ನೀನಿದ್ಯಲ್ಲ ತಾಯಿ," ಎಂದು ಪಿಸುಗುಟ್ಟಿದಳು. "ಯಾರಿಗೂ ಹೇಳಿಲ್ಲ. ನಂಗೆ ಮತ್ತೆ ಬಂದಿದೆ ಅಂದ್ರು ಡಾಕ್ಟ್ರು. ಸೋಮವಾರ ಬರ್ತೀನಿ, ಆಯ್ತಾ?"

ಪೇಕ್ ಹೂನ್ ಕಚೇರಿಯ ಕಡೆ ನೋಡಿದಳು. ಬಾಗಿಲು, ಚಿಲಕ, ಬೀಗ ಎಲ್ಲವನ್ನೂ ಕುಶಲಕರ್ಮಿ ಚಂದವಾಗಿ ಬರೆದಿದ್ದ. ಬರೆದಿದ್ದ, ಅಷ್ಟೆ, ಬಾಗಿಲು ತೆರೆಯುತ್ತಿರಲಿಲ್ಲ. ಅವಳು ಲೆಚ್ಚುಮಿಯ ಕೈ ಬಿಡಿಸಿಕೊಂಡು, ಸಿಮ್‌ರಿಂದ ಕತ್ತರಿ ಇಸಿದುಕೊಂಡು ಹೋಗಿ ಗೋಡೆಗೆ ಚುಚ್ಚಿ, ಬಾಗಿಲಿನ ಗೆರೆಯ ಗುಂಟ ಕತ್ತರಿಸಿದಳು.

"ಏಯ್, ಏನಮ್ಮಾ ಅದು?" ದಾತೋ ಗಾಬರಿಯಾದರು.

"ಬಾಗಿಲು ಸರ್. ತೆರೆಯೋ ಹಾಗೆ ಮಾಡಿರ್ಲಿಲ್ಲ."

"ಹೌದಾ? ಒಳ್ಳೆ ಕೆಲಸ ಮಾಡಿದೆ. ಇಲ್ಲಾಂದ್ರೆ ಇಮ್ ಒಳಗೆ ಹೋಗೋದು ಹೇಗೆ?"

ಕತ್ತರಿಸಿದ ಬಾಗಿಲನ್ನು ಎಳೆದು ಪೇಕ್ ಹೂನ್ ಒಳಗೆ ಇಣುಕಿದಳು. ಮೇಜು, ಫೋನು, ವಿಗ್ಗು ಹೊತ್ತ ತಲೆಗಳ ಸಾಲು. ಮೇಜಿನ ಈಚೆಗೊಂದು ಕುರ್ಚಿ, ಇಮ್ ಆಂಟಿಯದ್ದು. ಆಚೆಗೆ ಇನ್ನೊಂದು, ಒಂದು ಕಾಲು ಕುಂಟ, ಸಂಘದಲ್ಲಿ ಅವಳು ಕೂರುತ್ತಿದ್ದಂಥದ್ದೇ. ಅಷ್ಟನ್ನೂ ಹೇಳಿ ಮಾಡಿಸಿದ್ದರು ದಾತೋ. ಅವಳು ಕೈ ತೂರಿಸಿ ಕುಂಟು ಕುರ್ಚಿಯನ್ನು ಹೊರಗೆ ತೆಗೆದಳು.

"ಅದನ್ನ ಮನೆಗೆ ಒಯ್ಬೇಡವೇ," ಸಿಮ್ ಮೆಲ್ಲಗೆ ಎಂದರು. "ಸತ್ತೋರದ್ದು, ಒಳ್ಳೇದಾಗಲ್ಲ."

"ಬೆಂಕಿಗೂ ಹಾಕಲ್ಲ ಆಂಟಿ. ಇದು ನಂದು."

ಬೆಂಕಿ ಇಟ್ಟರು. ಕಾವಿಗೆ ಬಾಗಿಲು ತಾನಾಗಿ ಹೊರಕ್ಕೆ ತೆರೆದುಕೊಂಡಿತು, ಯಾರೋ ಒಳಗಿನಿಂದ ತಳ್ಳಿದ ಹಾಗೆ. ಮರುಕ್ಷಣ ಗೋಡೆಗಳೆಲ್ಲ ಕುಸಿದವು. ಬೂದಿ ಜನರ ತಲೆಯ ಮೇಲೆ ಹಾರಾಡತೊಡಗಿತು. ಪೇಕ್ ಹೂನಳ ಒಂದು ಅಂಗೈಯಲ್ಲಿ ಕಾಗದದ ಕುರ್ಚಿ ನಿಂತಿತ್ತು. ಇನ್ನೊಂದು ಕೈಯನ್ನು ಲೆಚ್ಚುಮಿ ಮತ್ತೆ ಬಂದು ಹಿಡಿದುಕೊಂಡಿದ್ದಳು.