ಶಂಕ್ರವ್ವ ಬಾಯಿ ಮುಚ್ಚಿ ಕೂತ ಬೆಳಗು

ಸವಣೂರಿನ ತೋಟಗಳಲ್ಲಿ ವೀಳ್ಯದೆಲೆ ಕೊಯ್ಯುವ ಶಂಕ್ರವ್ವನಿಗೆ ಇನ್ನೊಂದು ಹೆಸರುವಾಸಿ ಕೆಲಸವಿತ್ತು. ಓಣಿಯಲ್ಲಿ ಯಾರ ಮನೆಗೆ ಕನ್ಯೆ ನೋಡಲು ಬಂದರೂ ಹುಡುಗಿಯನ್ನು ಸಿಂಗರಿಸಿ ತಂದು ಕೂರಿಸುವವಳು ಅವಳೇ. ಏನು ತೋರಿಸಬೇಕು, ಏನು ಮುಚ್ಚಬೇಕು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಹನ್ನೊಂದು ಹುಡುಗಿಯರನ್ನು ತೋರಿಸಿದ್ದಳು, ಒಬ್ಬಳೂ ಬೇಡವೆನಿಸಿಕೊಂಡಿರಲಿಲ್ಲ. ಅಂಥವಳಿಗೆ ಸ್ವಂತ ಮೊಮ್ಮಗಳನ್ನು ತೋರಿಸುವುದು ಯಾವ ದೊಡ್ಡ ಮಾತು!

ಮೊಮ್ಮಗಳು ಸಮತಾಳಿಗೆ ನಾಲ್ಕು ವರ್ಷ. ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಆಟಿಸಂ ಎಂದು ದವಾಖಾನೆಯಲ್ಲಿ ಹೇಳಿದ್ದರು. ಹುಬ್ಬಳ್ಳಿಯ ಒಂದು ಕೇಂದ್ರದವರು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳಿಂದ ಇಂಥ ಇಪ್ಪತ್ತು ಮಕ್ಕಳನ್ನು ಅಧ್ಯಯನಕ್ಕೆ ಆರಿಸುತ್ತಿದ್ದರು. ಆಯ್ಕೆಯಾದ ಮಗುವಿನ ಮನೆಗೆ ಡಾಕ್ಟರು ಪ್ರತಿ ವಾರ ವಿಡಿಯೊ ಕಾಲ್ ಮಾಡಿ, ಮಗುವಿನ ಜೊತೆ ಹೇಗಿರಬೇಕೆಂದು ಮನೆಯವರಿಗೆ ಕಲಿಸುತ್ತಾರೆ. ಬಸ್ಸಿನ ಹಾರ್ನಿಗೆ ಕಿವಿ ಮುಚ್ಚಿ ಕಿರುಚುವ, ಹುಬ್ಬಳ್ಳಿಯವರೆಗೆ ಕರೆದೊಯ್ಯಲಾಗದ ಸಮತಾಳಿಗೆ ಬೇರೆ ದಾರಿಯೇ ಇರಲಿಲ್ಲ. ಮೊದಲು, ಮನೆಯಲ್ಲಿ ಮಗು ಹೇಗಿರುತ್ತದೆಂದು ಐದು ಸಣ್ಣ ವಿಡಿಯೊ ಕಳಿಸಬೇಕಿತ್ತು.

ಶಂಕ್ರವ್ವ ಸೆರಗು ಸಿಕ್ಕಿಸಿ ನಿಂತೇಬಿಟ್ಟಳು. ಮಗುವಿಗೆ ಎರೆದು, ಕಾಡಿಗೆ ತೀಡಿ, ಮಲ್ಲಿಗೆ ಮುಡಿಸಿದಳು. ಇಪ್ಪತ್ತಮೂರು ಸಲ ಕರೆದದ್ದಕ್ಕೆ ಸಮತಾ ಒಂದೇ ಸಲ ತಿರುಗಿದಳು, ಅದೂ ಅಜ್ಜಿ ಫೋನಿನ ಹಿಂದೆ ಅವಳು ಮೆಚ್ಚಿ ತಿನ್ನುವ ಸೇವು-ಖಾರದ ಡಬ್ಬಿ ಅಲ್ಲಾಡಿಸಿದ್ದಕ್ಕೆ. ಸೊಸೆ ಶೀಲಾಳ ಕೈಯಿಂದ ಅದೊಂದು ವಿಡಿಯೊವನ್ನೇ ಕಳಿಸಿದಳು. ಉಳಿದ ನಾಲ್ಕನ್ನೂ ಹಾಗೆಯೇ ಹೆಕ್ಕಿ ಕಳಿಸಿದ್ದಾಯಿತು.

ನಾಲ್ಕನೇ ದಿನ ಉತ್ತರ ಬಂತು. ಮಗು ಚೆನ್ನಾಗಿ ಸ್ಪಂದಿಸುತ್ತಿದೆ, ಹೆಚ್ಚು ತೊಂದರೆ ಇರುವ ಮಕ್ಕಳಿಗೆ ಮೊದಲ ಜಾಗ, ಹೇಳುವುದೇನಾದರೂ ಇದ್ದರೆ ನಾಳೆಯೊಳಗೆ ತಿಳಿಸಿ ಎಂದಿತ್ತು. ಮೊದಲ ಮಾತು ಕೇಳಿಯೇ ಶಂಕ್ರವ್ವ ಹಿಗ್ಗಿ ಹೀರೇಕಾಯಿಯಾಗಿ ಓಣಿಗೆಲ್ಲ ಸಕ್ಕರೆ ಹಂಚಿ ಬಂದಳು. ಬಂದು ನೋಡಿದರೆ ಶೀಲಾ ಒಲೆಯ ಮುಂದೆ ಅಳುತ್ತ ಕೂತಿದ್ದಾಳೆ.

“ಪಾಸಾದ್ವಿ ಅಂತ ಸಕ್ಕರಿ ಹಂಚಿದ್ರೆಲ್ರಿ ಅತ್ತಿ. ಪಾಸಾದ ಕೂಸಿಗೆ ಅವರು ಏನೂ ಕಲಸೂದಿಲ್ರಿ. ನಮ್ಮ ಜಾಗಾ ಹೋತು.”

ಎಂಥ ಮೂರ್ಖಿ ನಾನು ಎಂದು ಶಂಕ್ರವ್ವ ಹಣೆ ಹಣೆ ಬಡಿದುಕೊಂಡಳು. ಆದರೆ ಕೂತು ಅಳುವ ಜಾಯಮಾನ ಅವಳದಲ್ಲ. ಆಗಿಂದಾಗಲೇ ಕೇಂದ್ರದ ಡಾಕ್ಟರ್ ತಸ್ಲೀಮಾರಿಗೆ ಫೋನು ಹಚ್ಚಿಸಿದಳು.

“ಡಾಕ್ಟರ್ ಬಾಯಾರ, ತಪ್ಪು ನಂದರಿ. ಚಲೋ ಬಂದದ್ದಷ್ಟ ಆರಿಸಿ ಕಳಿಸೇನಿ. ನಾಳೆ ನೀವ ಖುದ್ದ ನೋಡ್ರಿ.”

ಡಾಕ್ಟರು ಬೈಯಲಿಲ್ಲ. ಇಂಥ ಅಜ್ಜಿಯರು ಹಾನಗಲ್ಲದಲ್ಲೂ ಇದ್ದಾರೆ ಎಂದು ನಕ್ಕರು. ಬೆಳಿಗ್ಗೆ ಒಂಬತ್ತಕ್ಕೆ ತಾವೇ ವಿಡಿಯೊ ಕಾಲಿನಲ್ಲಿ ನೋಡುವುದಾಗಿ ಹೇಳಿ ಒಂದೇ ಷರತ್ತು ಹಾಕಿದರು: ಅಜ್ಜಿ ಬಾಯಿ ತೆರೆಯಬಾರದು, ತಾವಾಗಿ ಕೈ ಮುಂದೆ ಮಾಡಬಾರದು. ಊರಿಗೆಲ್ಲ ಬುದ್ಧಿ ಹೇಳುವವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ?

ಮರುದಿನ ಸಮತಾ ಕೆದರಿದ ತಲೆಯಲ್ಲೇ ಕೂತು ತಟ್ಟೆ ತಿರುಗಿಸುತ್ತಿದ್ದಳು. ಶೀಲಾ ಏಳು ಸಲ ಕರೆದಳು. ಮಗು ತಿರುಗಲಿಲ್ಲ. ಶಂಕ್ರವ್ವ ಹಲ್ಲು ಕಚ್ಚಿ ಸುಮ್ಮನಿದ್ದಳು. ಆಮೇಲೆ ಡಾಕ್ಟರ ಮಾತಿನಂತೆ ಖಾರದ ಡಬ್ಬಿಯನ್ನು ಮುಚ್ಚಳ ಬಿಗಿದು ಮುಂದಿಟ್ಟರು. ಸಮತಾ ಮುಚ್ಚಳ ಕೆರೆದಳು, ಬರಲಿಲ್ಲ. ಮುಲುಗಿದಳು. ಆ ಮನೆಯಲ್ಲಿ ಮಗು ಮುಲುಗುವ ಮೊದಲೇ ಬೊಗಸೆ ತುಂಬುವ ರೂಢಿ. ಅಜ್ಜಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸುತ್ತ ಕೂತಳು.

ಎಣಿಕೆ ಒಂಬತ್ತು ಮುಟ್ಟುವಾಗ ಸಮತಾ ಎದ್ದು ಬಂದಳು. ಅಜ್ಜಿಯ ಕೈ ಹಿಡಿದೆಳೆದು ಮುಚ್ಚಳದ ಮೇಲೆ ಇಟ್ಟಳು.

“ಅಜ್ಜಿ, ಈಗ ತೆಗೀರಿ,” ಎಂದರು ತಸ್ಲೀಮಾ. “ಆಕಿ ನಿಮ್ಮನ್ನ ಕೇಳಿದಳ್ರಿ.”

ನಾಲ್ಕು ವರ್ಷದಲ್ಲಿ ಮಗುವಿಗೆ ಕೇಳಲು ತಾನು ಒಂದು ಸಲವೂ ಬಿಟ್ಟಿರಲಿಲ್ಲವಲ್ಲ ಎಂದು ಶಂಕ್ರವ್ವನಿಗೆ ಸಂಕಟವಾಯಿತು, ಸಂತೋಷವೂ ಅಷ್ಟೇ ಆಯಿತು. ಡಬ್ಬಿ ತೆರೆದು ಕೊಡುವಾಗ ಕಣ್ಣೀರು ಧಾರೆಯಾಗಿ ಇಳಿಯಿತು. ಇಪ್ಪತ್ತರಲ್ಲಿ ಸಮತಾಳ ಹೆಸರನ್ನೂ ಬರೆದುಕೊಂಡೆ, ಸೋಮವಾರದಿಂದ ಪಾಠ ಶುರು ಎಂದು ಡಾಕ್ಟರು ಫೋನಿಟ್ಟರು.

ಮಧ್ಯಾಹ್ನ ಮಗ ಲೋಹಿತ ಕೆಲಸದಿಂದ ಬಂದ. ನೀರಿನ ಕೊಡದ ಹತ್ತಿರ ನಿಂತ ಮಗಳನ್ನು ಕಂಡು ಎಂದಿನಂತೆ ಲೋಟ ತುಂಬಿಸಲು ಹೋದ. ಶಂಕ್ರವ್ವ ಅವನ ಕೈ ಹಿಡಿದಳು.

“ತಡಿ. ಆಕಿ ಕೇಳ್ತಾಳ.”