ಜಾಳಿಗೆಯೊಳಗಿನ ಗುರುಗ್ರಹ

ನಾನು ಒಂದು ಗ್ರಹ. ಆಕಾಶದ್ದಲ್ಲ, ರಾಯಚೂರಿನ ಶಾಲೆಯೊಂದರದು. ದಪ್ಪ ರಬ್ಬರಿನ ಬಲೂನಿಗೆ ವೆಂಕೋಬರಾವ್ ಮಾಸ್ತರರು ಬಾಯಿಂದಲೇ ಗಾಳಿ ತುಂಬಿ, ಹಳದಿ ಬಣ್ಣ ಬಳಿದರು. ಅವರ ಹೆಂಡತಿ ತುಂಗಾಬಾಯಿ ಎಲಾಸ್ಟಿಕ್ ದಾರದ ಜಾಳಿಗೆ ಹೆಣೆದು ತೊಡಿಸಿದರು. ಗುರುಗ್ರಹವೆಂದು ನನಗೆ ಹೆಸರಾಯಿತು.

ಮಾಸ್ತರರು ನನ್ನನ್ನು ಬಿಸಿಲಿಗಿಟ್ಟು ಹುಡುಗರಿಗೆ ಹೇಳುತ್ತಿದ್ದರು: "ನೋಡ್ರಪಾ, ಒಳಗಿನ ಕಾವು ಹೊರಗ ನೂಕತದ. ಈ ಜಾಳಗಿ ಅಂದ್ರ ಗುರುತ್ವ, ಒಳಗ ಜಗ್ಗತದ. ಎರಡೂ ಎಲ್ಲಿ ಸರಿಸಮ ಆಗ್ತಾವೋ ಅಲ್ಲಿಗೆ ಗ್ರಹದ ಗಾತ್ರ ನಿಲ್ಲತದ. ಕಾವು ಆರಿದ್ರ ಕುಗ್ಗತದ."

"ಸರ, ಹೆಡ್‌ಮಾಸ್ತರ ಹೊಟ್ಟಿ?"

"ಅದಕ್ಕ ಯಾವ ಜಾಳಗೀನೂ ಸಾಲಂಗಿಲ್ಲಪಾ!"

ಆ ಕಾರ್ತೀಕ ಕಳೆಯುವುದರೊಳಗೆ ಮಾಸ್ತರರು ಹರಿಪಾದ ಸೇರಿದರು. ಶಾಲೆಯವರು ನನ್ನನ್ನು ಮನೆಗೆ ತಂದುಕೊಟ್ಟರು. ತುಂಗಾಬಾಯಿ ದೇವರಮನೆಯಲ್ಲಿ ಕೂರಿಸಿ, ಗುರುವಾರ ಕಡಲೆಯಿಟ್ಟು, ಹಳದಿ ಹೂ ಏರಿಸಿದರು.

ಚಳಿ ಬಂತು. ನಾನು ಕುಗ್ಗಿದೆ. ಗಾಳಿಯೂ ಕಾಣದಂತೆ ಸೋರುತ್ತಿತ್ತು. ಅವರ ತಮ್ಮ ನರಹರಿ ಸೈಕಲ್ ಪಂಪು ತಂದ.

"ನಿನ್ನ ಪಂಪಿನ ಗಾಳಿ ಯಾರಿಗೆ ಬೇಕೋ? ಒಳಗಿರೋದು ನಿಮ್ಮ ಭಾವನ ಉಸಿರು."

"ಭಾವ ಇದ್ದಿದ್ರ ನಗತಿದ್ರು, ಅಕ್ಕಾ."

"ನಗಲಿ. ಆ ನಗಿನಾದ್ರೂ ಕೇಳತಿದ್ದೆ."

ಅವರು ನಂದಾದೀಪವನ್ನು ನನ್ನ ಬಳಿಗೆ ಸರಿಸಿದರು. ಕಾವು ತಗುಲಿ ನಾನು ಉಬ್ಬಿದೆ. ಅವರ ಮುಖ ಅರಳಿತು. ಮರುದಿನ ಇನ್ನಷ್ಟು ಹತ್ತಿರ. ಹಿಗ್ಗಿ ಹಿಗ್ಗಿ ಜಾಳಿಗೆಯ ಎಳೆಗಳು ಸಡಿಲವಾದವು. ತಡೆಯುವ ಬಲ ಕುಂದುತ್ತಿತ್ತು, ನೂಕುವ ಕಾವು ಏರುತ್ತಿತ್ತು. 'ಸಾಕು ತಾಯಿ' ಎನ್ನಲು ನನಗೆಲ್ಲಿಯ ನಾಲಿಗೆ?

ಒಂದು ಬೆಳಿಗ್ಗೆ ದೀಪದ ಕಡೆಗಿದ್ದ ಎಳೆಗಳೇ ಕಿತ್ತುಹೋದವು. ನಾನು ಆ ಕಡೆಗೇ ಉಬ್ಬಿದೆ.

"ಅಕ್ಕಾ, ಜಾಳಗಿ ಹರದದ! ದೀಪ ಸರಸು!"

ಅವರು ಕೈ ಚಾಚುವಷ್ಟರಲ್ಲಿ ನಾನು ಒಡೆದೆ. ಒಳಗಿದ್ದ ಉಸಿರು ದೀಪವನ್ನು ಆರಿಸಿ ಅವರ ಮುಖಕ್ಕೆ ಬಡಿಯಿತು.

"ಏನಾತಕ್ಕಾ? ಸುಟ್ಟಿತೇನು?"

"ಸುಮ್ಮನಿರೋ," ಎಂದು ಅವರು ಕಣ್ಣು ಮುಚ್ಚಿ ಮೆಲ್ಲಗೆ ಉಸಿರೆಳೆದುಕೊಂಡರು. ಎಳೆದುಕೊಂಡಿದ್ದನ್ನು ಬಿಡಲು ಬಹಳ ಹೊತ್ತು ಮನಸ್ಸು ಮಾಡಲಿಲ್ಲ. ಆದರೆ ಬಿಡಲೇಬೇಕಾಯಿತು.

ಈಗ ನಾನು ನಿರ್ಮಾಲ್ಯದ ಬುಟ್ಟಿಯಲ್ಲಿ ಬಿದ್ದಿರುವ ರಬ್ಬರಿನ ಚೂರು. ಆಕಾಶದ ಗುರುವಿಗೆ ಕಾವನ್ನೂ ಕಟ್ಟನ್ನೂ ಅಳೆದು ಕೊಟ್ಟ ಶ್ರೀಹರಿ, ಮನುಷ್ಯರ ಕೈಗೆ ಆ ಅಳತೆಯನ್ನು ಕೊಡಲಿಲ್ಲ. ತುಂಗಾಬಾಯಿ ಹೊಸ್ತಿಲ ಬಳಿ ಕುಳಿತು ಜಾಳಿಗೆಯ ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದಾರೆ. ಅದರೊಳಗೆ ಇಡಲು ಏನೂ ಉಳಿದಿಲ್ಲ.